ಮೊದಲ ಗುಟುಕು ಅಪ್ಪನದು

ಚಿಂತಾಮಣಿ ಬಸ್ ನಿಲ್ದಾಣದಿಂದ ಹೊರಗೆ ಬಂದವರಿಗೆ ಮೊದಲು ಕಾಣುವುದು ನಮ್ಮ ಗೋಲಿ ಸೋಡಾ ಅಂಗಡಿ. ಅಲ್ಲಿ ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಮೊದಲ ಸೋಡಾ ಕುಡಿಯುವುದು ಗಿರಾಕಿಯಲ್ಲ, ನಮ್ಮಪ್ಪ. ಒಂದೊಂದು ಬಾಟಲಿಯನ್ನೂ ಬಿಸಿಲಿಗೆ ಹಿಡಿದು, ಒಳಗೆ ಕಸಕಡ್ಡಿ ಇಲ್ಲವೆಂದು ನೋಡಿ ಜೋಡಿಸುತ್ತಾನೆ. ಆಮೇಲೆ ರಸ್ತೆಗೆ ಮುಖ ಮಾಡಿ ನಿಂತು, ಆ ದಿನ ತಯಾರಾದ ಬಗೆಗಳಲ್ಲಿ ಒಂದೊಂದು ಬಾಟಲಿ ಒಡೆದು ಎಲ್ಲರ ಎದುರು ಕುಡಿಯುತ್ತಾನೆ. ಮೊದಲೆಲ್ಲ ಆರೆಂಜು, ರೋಸು, ಶುಂಠಿ, ನಿಂಬೆ ಇರುತ್ತಿದ್ದವು, ಎಲ್ಲವೂ ಸಕ್ಕರೆ ಪಾಕದವು.

ಇದು ತಾತನ ಕಾಲದ ಪದ್ಧತಿ. ಯಾವಾಗಲೋ ಊರಲ್ಲಿ ವಾಂತಿಭೇದಿ ಬಂದು, ಸೋಡಾ ಕುಡಿದೇ ಬಂತೆಂದು ಯಾರೋ ಪುಕಾರು ಎಬ್ಬಿಸಿದಾಗ, ತಾತ ಅಂಗಡಿ ಮುಂದೆ ನಿಂತು ತಾನೇ ಕುಡಿದು ತೋರಿಸಿದನಂತೆ. ಅಲ್ಲಿಂದ ಅದು ನಮ್ಮ ಮನೆಯ ನೇಮವಾಯಿತು.

ನಾನು ಶಾಲೆಯಲ್ಲಿ ಪಾಠ ಹೇಳುವವಳು. ಬೇಸಿಗೆ ರಜೆಯಲ್ಲಿ ಅಪ್ಪನ ಜೊತೆ ಅಂಗಡಿಯಲ್ಲಿರುತ್ತೇನೆ. ಹಾಗೊಂದು ಬೇಸಿಗೆಯ ದಿನ, ಕೈವಾರದ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರು ಬಾಟಲಿ ವಾಪಸ್ಸು ಚಾಚಿದರು.

"ಅಣ್ಣಾ, ಇದ್ರಲ್ಲಿ ಏನೋ ತೇಲ್ತಾ ಇದೆ ನೋಡಿ."

ತೆಂಗಿನ ನಾರು. ನನ್ನ ಬೆರಳುದ್ದ ಇತ್ತು. ಅಪ್ಪ ಬಾಟಲಿಯನ್ನು ಬಿಸಿಲಿಗೆ ಹಿಡಿದ, ತಿರುಗಿಸಿದ, ಮತ್ತೆ ತಿರುಗಿಸಿದ.

"ಎಲ್ಲಿದ್ಯಮ್ಮ? ಏನೂ ಇಲ್ವಲ್ಲ."

ಅವರಿಗೆ ಬೇರೆ ಬಾಟಲಿ ಕೊಟ್ಟು, ಅಂಗಡಿ ಮುಚ್ಚಿಸಿ, ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

ಸಕ್ಕರೆ ಕಾಯಿಲೆ ಅಪ್ಪನಿಗೆ ಹಳೆಯದು. ಮಾತ್ರೆ ನುಂಗುತ್ತಿದ್ದ, ಅನ್ನ ಬಿಟ್ಟು ಮುದ್ದೆ ಉಣ್ಣುತ್ತಿದ್ದ. ಆದರೆ ಬೆಳಿಗ್ಗೆ ಕುಡಿಯುವ ಕಲರ್ ಸೋಡಾ ಅವನ ಲೆಕ್ಕಕ್ಕೇ ಬರುತ್ತಿರಲಿಲ್ಲ, ಅದು ಕೆಲಸವಲ್ಲವೇ! ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಎಡಗಣ್ಣಿನ ದೃಷ್ಟಿ ಬಹುಪಾಲು ಹೋಗಿದೆ, ಅದು ಮತ್ತೆ ಬರುವುದು ಕಷ್ಟ. ಬಲಗಣ್ಣಿಗೆ ಚಿಕಿತ್ಸೆ ಕೊಡುತ್ತೇವೆ, ಆದರೆ ಸಕ್ಕರೆ ಹತೋಟಿಗೆ ಬರದಿದ್ದರೆ ಅದೂ ಹೋಗುತ್ತದೆ ಎಂದರು.

ಮರುದಿನ ಬೆಳಿಗ್ಗೆ ಅಪ್ಪ ರಸ್ತೆಗೆ ಮುಖ ಮಾಡಿ ಆರೆಂಜು ಒಡೆದ. ನನಗೆ ಕೋಪ ಮೂಗಿನ ತುದಿಯಲ್ಲೇ. ಗಿರಾಕಿಗಳ ಮುಂದೆಯೇ ಕೂಗಾಡಿಬಿಟ್ಟೆ.

"ನಿನ್ನೆ ಡಾಕ್ಟ್ರು ಏನಂದ್ರು? ಕಿವಿಗೆ ಬೀಳ್ಲಿಲ್ವಾ? ಕೊಡು ಇಲ್ಲಿ, ನಾನು ಕುಡೀತೀನಿ!"

"ಪಾಕ ಕಾಸಿದೋನು ನಾನು, ಕುಡಿಯೋಳು ನೀನಾ? ನೈವೇದ್ಯ ಆಗ್ದೆ ಪ್ರಸಾದ ಹಂಚ್ತಾರೇನಮ್ಮ? ನಾನು ಬಾಯಿಗಿಡದ್ದನ್ನ ಜನದ ಕೈಗೆ ಹೆಂಗೆ ಕೊಡ್ಲಿ?"

ಹಟ ಹಿಡಿದರೆ ಬ್ರಹ್ಮ ಬಂದರೂ ಜಗ್ಗುವ ಆಸಾಮಿಯಲ್ಲ. ಆದರೆ ಆ ಮಾತಿನಲ್ಲಿ ತಪ್ಪೂ ಕಾಣಲಿಲ್ಲ ನನಗೆ, ಅದೇ ಸಂಕಟ. ಮೂಲೆಯಲ್ಲಿ ಕೂತು, ಜಗಳದ ಮಧ್ಯೆ ಮರೆತಿದ್ದ ನನ್ನ ಟೀ ಎತ್ತಿಕೊಂಡೆ. ಹಾಲು, ಸಕ್ಕರೆ ಹಾಕದ ನಿಂಬೆ ಟೀ. ಶಾಲೆಯಲ್ಲಿ ನಾವು ಟೀಚರುಗಳೆಲ್ಲ ಕುಡಿಯುವುದು ಅದನ್ನೇ. ಆರಿ ತಣ್ಣಗಾಗಿತ್ತು. ಆ ಸೆಕೆಯಲ್ಲಿ ಹಾಯೆನಿಸಿತು. ಅಪ್ಪ ಕುಡಿಯುವುದನ್ನು ನಿಲ್ಲಿಸಲಾಗದಿದ್ದರೆ ಬೇಡ, ಕುಡಿಯುವ ಪದಾರ್ಥವನ್ನೇ ಬದಲಾಯಿಸಿದರೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಈ ಟೀಯನ್ನೇ ಮಾರೋಣ ಎಂದದ್ದಕ್ಕೆ ಅಪ್ಪ ನನ್ನ ಮುಖ ನೋಡಿದ. "ಆರಿದ ಟೀನಾ? ಆರಿದ ಟೀನ ಬಚ್ಚಲಿಗೆ ಚೆಲ್ತಾರೆ ಕಣಮ್ಮ, ಮಾರಲ್ಲ."

ನಾನೂ ಅವನ ಮಗಳೇ ತಾನೆ? ಟೀ ಕುದಿಸಿ, ಆರಿಸಿ, ನಿಂಬೆ ಹಿಂಡಿ, ಗೋಲಿ ಬಾಟಲಿಗೆ ತುಂಬಿ, ಮಿಷನ್ನಿಗೆ ಹಾಕಿ ಗ್ಯಾಸ್ ಕೊಟ್ಟೆ. ದಿನಾ ಬರುವ ಒಬ್ಬರನ್ನು ಕರೆದು, ಅವರ ಮುಂದೆ ಗೋಲಿ ಒತ್ತಿದೆ ನೋಡಿ, ಬುಸ್ಸೆಂದು ನೊರೆ ಎದ್ದು ಅರ್ಧ ಟೀ ಅವರ ಬಿಳಿ ಅಂಗಿಯ ಮೇಲೆ! ಪಾಪ, ಯಾರದೋ ನಿಶ್ಚಿತಾರ್ಥಕ್ಕೆ ಹೊರಟಿದ್ದರು. ನಾನು ಭೂಮಿಗಿಳಿದುಹೋದೆ. ಅಪ್ಪ ನೀರು, ಬಟ್ಟೆ ಕೊಟ್ಟು ಅವರಲ್ಲಿ ಕ್ಷಮೆ ಕೇಳಿದ. ಅವರು ಆಚೆ ಹೋದದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ನಕ್ಕು ಸುಮ್ಮನಾಗಲಿಲ್ಲ. "ಟೀಗೆ ನೊರೆ ಜಾಸ್ತಿ. ಅದನ್ನ ಬಾಟ್ಲಿಗೆ ಹಾಕ್ಬೇಡ. ಗ್ಲಾಸಲ್ಲಿ ಟೀ ಇರ್ಲಿ, ಮೇಲೆ ಸಾದಾ ಸೋಡಾ ಓರೆಯಾಗಿ ಬಿಡಣ."

ಸಾದಾ ಸೋಡಾ ಎಂದರೆ ನೀರು ಮತ್ತು ಗ್ಯಾಸ್, ಸಕ್ಕರೆ ಒಂದು ಹರಳೂ ಇಲ್ಲ. ಅಂದಿನಿಂದ ಅಪ್ಪನಿಗೆ ಅದೇ ಧ್ಯಾನ. "ಥೂ, ಕಷಾಯ" ಎಂದು ಒಂದು ದಿನ ಉಗಿದ. "ಒಗರು, ಟೀ ಪುಡಿ ಜಾಸ್ತಿ ಹೊತ್ತು ನೆನೆದಿದೆ" ಎಂದು ಇನ್ನೊಂದು ದಿನ ಮುಖ ಕಿವುಚಿದ. ಜಜ್ಜಿದ ಶುಂಠಿ, ಪುದೀನ, ಚಿಟಿಕೆ ಉಪ್ಪು ಸೇರಿ ಕೊನೆಗೊಮ್ಮೆ ಅವನ ನಾಲಿಗೆ ಒಪ್ಪಿತು. ಟೀ ತುಂಬಿದ ಹೊಸ ಮಡಕೆ ಅಂಗಡಿಯ ಮುಂದೆ ಬಂದು ಕೂತಿತು.

"ಇದೇಂಟಯ್ಯಾ, ಚಲ್ಲಾರಿನ ಟೀನಾ?" ಆರಿದ ಟೀ ಮಾರ್ತೀಯಾ ಎಂದು ತೆಲುಗಿನಲ್ಲಿ ಗದರಿದ ಬಸ್ ಡ್ರೈವರೊಬ್ಬರಿಗೆ ಅಪ್ಪ ತೆಲುಗಿನಲ್ಲೇ "ತಾಗಿ ಚೂಡಣ್ಣಾ" ಎಂದು ಗ್ಲಾಸು ಕೊಟ್ಟ. ಅವರು ಕುಡಿದು ನೋಡಿದರು, ಇನ್ನೊಂದು ಕೇಳಿದರು. ನಾನು ಗೆದ್ದೆ ಎಂದುಕೊಂಡೆ.

ಎಲ್ಲಿಯ ಗೆಲುವು! ಮರುದಿನ ಬೆಳಿಗ್ಗೆ ಅಪ್ಪ ಟೀ ಸೋಡಾ ಕುಡಿದು ಕೆಳಗಿಟ್ಟು, ಆರೆಂಜಿಗೆ ಕೈ ಹಾಕಿದ. ಅದನ್ನೂ ಮಾರುತ್ತೇವಲ್ಲ, ಅದನ್ನೂ ಕುಡಿಯಬೇಕಂತೆ. ಈ ಸಲ ನನಗೆ ಕೂಗಲೂ ಆಗಲಿಲ್ಲ. ಅಳು ಒತ್ತರಿಸಿಕೊಂಡು ಬಂತು.

"ಅಪ್ಪಾ, ಇರೋ ಒಂದು ಕಣ್ಣೂ ಹೋದ್ರೆ ಬಾಟ್ಲಿ ಯಾರು ನೋಡ್ತಾರೆ? ಕಸ ಇರೋ ಸೋಡಾನೇ ಜನಕ್ಕೆ ಕೊಡ್ತೀಯಾ?"

ಅಪ್ಪ ಕೈಯಲ್ಲಿದ್ದ ಬಾಟಲಿಯನ್ನು ಒಡೆಯದೆ ಕೆಳಗಿಟ್ಟು ಒಳಗೆ ಹೋದ. ಮಾರನೆಯ ದಿನ ಹೋಗಿ ನೋಡಿದರೆ, ತಾತನ ಕಾಲದ ಪಾಕದ ಹಂಡೆ ತೊಳೆದು ಹಿತ್ತಲಲ್ಲಿ ಬೋರಲಾಗಿತ್ತು.

"ಕುಡಿಯೋ ಹಂಗಿಲ್ಲ ಅಂದ್ಮೇಲೆ ಮಾರೋ ಹಂಗೂ ಇಲ್ಲ ಕಣಮ್ಮ" ಎಂದ. ತಾತನ ಆರೆಂಜಿನ ಹದ ಊರಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಎಲ್ಲರೂ ಮೆಚ್ಚಿದರೆಂದರೆ ಸುಳ್ಳಾಗುತ್ತದೆ. ಮಕ್ಕಳು ಮೂತಿ ಉದ್ದ ಮಾಡಿಕೊಂಡು ಪಕ್ಕದ ಕೂಲ್‌ಡ್ರಿಂಕ್ಸ್ ಅಂಗಡಿಗೆ ಹೋದವು. "ಮಗಳ ಮಾತು ಕೇಳಿ ಕೆಟ್ಟೆ" ಎಂದು ಹಳೆಯ ಗಿರಾಕಿಗಳು ಛೇಡಿಸಿದರು. ಆದರೆ ಕೈವಾರಕ್ಕೆ ಹೋಗಿಬರುವವರು, ಡ್ರೈವರು, ಕಂಡಕ್ಟರುಗಳು, ಸಕ್ಕರೆ ಕಾಯಿಲೆ ಇದ್ದವರು ಒಬ್ಬೊಬ್ಬರಾಗಿ ಮಡಕೆಯ ಹತ್ತಿರ ನಿಲ್ಲತೊಡಗಿದರು. ಮಧ್ಯಾಹ್ನಕ್ಕೆ ಇನ್ನೊಂದು ಸಲ ಟೀ ಕುದಿಸಬೇಕಾಗಿ ಬಂತು.

ಡಾಕ್ಟರ ಹತ್ತಿರ ಹೋಗಿಬರುವುದು ನಡೆದೇ ಇದೆ. ಹೋದ ಸಲ, ಚಿಕಿತ್ಸೆಗೆ ಬಲಗಣ್ಣು ಸುಧಾರಿಸಿದೆ, ಹೀಗೇ ಇರಲಿ ಎಂದರು. ನನಗೆ ಪೂರ್ತಿ ನಂಬಿಕೆ ಬಂದದ್ದು ಅದಾದ ಮೇಲೆ, ಒಂದು ಬೆಳಿಗ್ಗೆ ಅಂಗಡಿಯಲ್ಲಿ. ಅಪ್ಪ ಸಾದಾ ಸೋಡಾ ಬಾಟಲಿಯೊಂದನ್ನು ಬಿಸಿಲಿಗೆ ಹಿಡಿದು, ಬಲಗಣ್ಣಿನ ಹತ್ತಿರ ತಂದು, ನನ್ನ ಕಡೆ ಚಾಚಿದ.

"ಇದನ್ನ ಪಕ್ಕಕ್ಕಿಡು. ಕಸ ಇದೆ."

ನೋಡಿದೆ, ಏನೂ ಕಾಣಲಿಲ್ಲ. ತಿರುಗಿಸಿ ನೋಡಿದೆ. ಗೋಲಿಯ ಕೆಳಗೆ ಕೂದಲೆಳೆಯಷ್ಟು ಸಣ್ಣ ನಾರು. ಬಾಟಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

"ಯಾಕಮ್ಮ ಕಣ್ಣೊರೆಸ್ಕೊಳ್ತೀಯಾ? ಟೀ ಆರಿದ್ಯಾ ನೋಡು, ಜನ ಬಂದ್ರು."

ಆರಿತ್ತು. ಗ್ಲಾಸಿಗೆ ಬಗ್ಗಿಸಿ ಕೊಟ್ಟೆ. ಅಪ್ಪ ಸೋಡಾ ಒಡೆದು, ಓರೆಯಾಗಿ ಬಿಟ್ಟು, ರಸ್ತೆಗೆ ಮುಖ ಮಾಡಿ ನಿಂತು ಮೊದಲ ಗುಟುಕು ಕುಡಿದ. ನಾನು ತಡೆಯಲಿಲ್ಲ.