ನರ ಹುಡುಕುವ ಕೈ

ವಸಂತಿ ಭದ್ರಾವತಿಯವಳು, ಕಬ್ಬಿಣದ ಕಾರ್ಖಾನೆಯ ಫಿಟ್ಟರ್ ಒಬ್ಬರ ಮಗಳು. ನರ್ಸಿಂಗ್ ಮುಗಿಸಿ ದೆಹಲಿಗೆ ಬಂದವಳು ಹನ್ನೆರಡು ವರ್ಷ ಒಂದು ಖಾಸಗಿ ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ದುಡಿದಳು. ಜನಕಪುರಿಯಲ್ಲಿ ಇನ್ನಿಬ್ಬರು ನರ್ಸುಗಳ ಜೊತೆ ಬಾಡಿಗೆ ಕೋಣೆ. ಮುದುಕರಿಗೆ, ಎಳೆಗೂಸುಗಳಿಗೆ ಡ್ರಿಪ್ ಹಾಕಲು ನರ ಸಿಗದಿದ್ದರೆ ಬೇರೆ ವಾರ್ಡಿನವರೂ ಅವಳನ್ನೇ ಕರೆಯುತ್ತಿದ್ದರು.

೨೦೦೩ರಲ್ಲಿ ಭಾರಿ ಮೈಯ ರೋಗಿಯೊಬ್ಬರನ್ನು ಎತ್ತಿ ಮಲಗಿಸುವಾಗ ಅವಳ ಸೊಂಟ ಹಿಡಿಯಿತು. ಡಾಕ್ಟರು ನೋವಿಗೆ ಇಂಜೆಕ್ಷನ್ ಬರೆದುಕೊಟ್ಟರು. ಸೊಂಟ ನೋವು ತಿಂಗಳೊಳಗೆ ಹೋಯಿತು. ಇಂಜೆಕ್ಷನ್ ಹೋಗಲಿಲ್ಲ. ಮೊದಲು ಅಂಗಡಿಯಿಂದ ತಂದಳು, ಆಮೇಲೆ ವಾರ್ಡಿನಿಂದ ಕದ್ದಳು. ರೋಗಿಗೆ ಬರೆದದ್ದರಲ್ಲಿ ಅರ್ಧ ತಾನು ಚುಚ್ಚಿಕೊಳ್ಳುತ್ತಿದ್ದವಳು ಬರಬರುತ್ತ ಪೂರ್ತಿ ತಾನೇ ಚುಚ್ಚಿಕೊಂಡು, ರೋಗಿಗೆ ಬರೀ ಸಲೈನ್ ನೀರು ಕೊಡತೊಡಗಿದಳು.

೨೦೦೬ರ ಮಾರ್ಚಿನಲ್ಲಿ ಹೊಟ್ಟೆಯ ಆಪರೇಷನ್ ಆದ ಒಬ್ಬ ಮುದುಕಿ ಎರಡು ದಿನ ನರಳಿದಳು.

“ಈಗ ತಾನೇ ಇಂಜೆಕ್ಷನ್ ಕೊಟ್ಟಿದ್ದೀನಲ್ಲ ಮಾತಾಜಿ, ಸ್ವಲ್ಪ ತಡ್ಕೊಳ್ಳಿ” ಎಂದು ವಸಂತಿ ಹಿಂದಿಯಲ್ಲಿ ಹೇಳಿದಳು. ಪಕ್ಕದಲ್ಲಿದ್ದ ಮಗಳೂ ತಾಯಿಯನ್ನೇ ಗದರಿದಳು.

ಮೂರನೆಯ ದಿನ ನರ್ಸುಗಳ ಬಾತ್‌ರೂಮಿನಲ್ಲಿ ವಸಂತಿ ಬಚ್ಚಿಟ್ಟಿದ್ದ ಖಾಲಿ ಇಂಜೆಕ್ಷನ್ ಸೀಸೆಗಳು ಸಿಕ್ಕವು, ಪೊಲೀಸರು ಬಂದರು. ಕೋರ್ಟಿನಲ್ಲಿ ಆ ಮಗಳು ಹೇಳಿದ್ದು ಒಂದೇ ಮಾತು: “ಅಮ್ಮ ನಾಟಕ ಆಡ್ತಿದ್ದಾಳೆ ಅಂದ್ಕೊಂಡೆ.” ವಸಂತಿ ತಲೆ ಎತ್ತಿ ಕೇಳಿಸಿಕೊಂಡಳು. ಮೂರು ವರ್ಷ ಶಿಕ್ಷೆಯಾಯಿತು. ಒಮ್ಮೆ ಮಾತ್ರ ಕೋರ್ಟಿಗೆ ಬಂದಿದ್ದ ಅಣ್ಣ ಸೋಮಶೇಖರ ಮತ್ತೆ ಬರಲಿಲ್ಲ.

ಜೈಲಿನಲ್ಲಿ ಹೆಂಗಸರ ಕಡೆ ವ್ಯಸನ ಬಿಡಿಸುವ ಕೋಣೆಯೊಂದಿತ್ತು. ಆರು ಮಂಚ. ಮೊದಲ ವಾರ ವಸಂತಿಗೆ ಕಾಲು ಸೆಳೆದವು, ಬೆವರು ಹರಿಯಿತು, ತಿಂದದ್ದೆಲ್ಲ ವಾಂತಿಯಾಯಿತು. ಅದು ಮುಗಿದ ಮೇಲೆ ಮನಸ್ಸಿನಲ್ಲಿ ಯಾವುದೂ ಉಳಿಯಲಿಲ್ಲ, ದುಃಖ ಕೂಡ. ಆಗ ಬಂದವರು ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ಮೈಸೂರಿನ ಚಂದ್ರಪ್ರಭಾ. ಒಂದು ಸಂಸ್ಥೆಯ ಪರವಾಗಿ ವಾರಕ್ಕೆರಡು ದಿನ ಕೈದಿಗಳೊಂದಿಗೆ ಮಾತಾಡಲು ಅವರು ಬರುತ್ತಿದ್ದರು.

“ಊಟ ಆಯ್ತಾ ವಸಂತಿ?”

ಎಷ್ಟೋ ತಿಂಗಳ ಮೇಲೆ ಕಿವಿಗೆ ಬಿದ್ದ ಕನ್ನಡ. ಅಳು ಬರಬೇಕಿತ್ತು ಎಂದು ವಸಂತಿಗೆ ಅನ್ನಿಸಿತು. ಬರಲಿಲ್ಲ.

“ಆಯ್ತು ಮೇಡಂ.”

“ಮನಸ್ಸಿಗೆ ಹೇಗನ್ನಿಸ್ತಿದೆ?”

“ಏನೂ ಅನ್ನಿಸ್ತಿಲ್ಲ. ಹಲ್ಲು ಕೀಳೋ ಮುಂಚೆ ಇಂಜೆಕ್ಷನ್ ಕೊಟ್ಟಾಗ ದವಡೆ ಇರುತ್ತಲ್ಲ, ಹಾಗಿದೆ.”

“ನಿಧಾನಕ್ಕೆ ಬಿಡುತ್ತೆ” ಎಂದರು ಚಂದ್ರಪ್ರಭಾ. ವಸಂತಿ ಕಂಬಳಿ ಮಡಿಸುತ್ತ ಕೂತಳು.

ಮುಂದಿನ ವರ್ಷ ಜೂನಿನ ಒಂದು ಮಧ್ಯಾಹ್ನ ಆ ಕೋಣೆಗೆ ಕಮಲೇಶ್ ಎಂಬ ಹೆಂಗಸನ್ನು ಕರೆತಂದರು. ವರ್ಷಗಟ್ಟಲೆ ಸ್ಮ್ಯಾಕ್ ಎಂಬ ಅಮಲಿನ ಪುಡಿ ಕರಗಿಸಿ ಚುಚ್ಚಿಕೊಂಡು ಅವಳ ತೋಳುಗಳು ಗಂಟುಗಂಟಾಗಿದ್ದವು. ವಾಂತಿಯಾಗಿ ಆಗಿ ತುಟಿ ಒಡೆದಿತ್ತು. ಡ್ರಿಪ್ ಹಾಕಲು ಕಾಂಪೌಂಡರ್ ನಾಲ್ಕು ಕಡೆ ಚುಚ್ಚಿದ, ನರ ಸಿಗಲಿಲ್ಲ.

“ತೋಳು ಬಿಡಿ, ಹೆಬ್ಬೆರಳಿನ ಬುಡದಲ್ಲಿ ನೋಡಿ” ಎಂದಳು ಪಕ್ಕದ ಮಂಚದ ಹಾಸಿಗೆ ಬದಲಿಸುತ್ತಿದ್ದ ವಸಂತಿ.

ಜೈಲಿನ ಡಾಕ್ಟರಮ್ಮ ತಿರುಗಿ ನೋಡಿದರು. ಅವಳ ಕೇಸು ಏನೆಂದು ಅವರಿಗೆ ಗೊತ್ತಿತ್ತು. “ಬಾ, ಬೆರಳಿಟ್ಟು ತೋರಿಸು. ಸೂಜಿ ಮುಟ್ಟಬೇಡ.”

ವಸಂತಿ ಕಣ್ಣು ಮುಚ್ಚಿ ಬೆರಳು ಆಡಿಸಿದಳು. “ಇಲ್ಲಿ.” ಕಾಂಪೌಂಡರ್ ಅಲ್ಲಿ ಚುಚ್ಚಿದ, ಮೊದಲ ಸಲಕ್ಕೇ ಡ್ರಿಪ್ ಹತ್ತಿತು. ಸಿರಿಂಜು ಇದ್ದ ತಟ್ಟೆ ಒಂದು ಗೇಣು ದೂರದಲ್ಲಿತ್ತು. ಅವಳು ಅದನ್ನು ನೋಡಿದಳು. ಬೇಕು ಎಂದೂ ಅನ್ನಿಸಲಿಲ್ಲ, ಗೆದ್ದೆ ಎಂದೂ ಅನ್ನಿಸಲಿಲ್ಲ.

ಕಮಲೇಶ್ ಅವಳ ಮಣಿಕಟ್ಟು ಬಿಡಲಿಲ್ಲ. “ದೀದಿ, ಮೂಳೆಯೊಳಗೆ ಸುಡ್ತಿದೆ.”

“ಹೌದು, ಸುಡುತ್ತೆ. ಇನ್ನೂ ನಾಲ್ಕು ದಿನ ಸುಡುತ್ತೆ. ನಾನಿಲ್ಲೇ ಇರ್ತೀನಿ.”

ನಾಲ್ಕು ದಿನವೂ ಇದ್ದಳು, ಬಕೆಟ್ ಹಿಡಿದಳು, ಬೆನ್ನು ತಿಕ್ಕಿದಳು. ಆಮೇಲೆ ಯಾರೇ ಹೊಸಬರು ಬಂದರೂ ಡಾಕ್ಟರಮ್ಮ ಅವಳನ್ನು ಕರೆಸುತ್ತಿದ್ದರು.

೨೦೦೯ರಲ್ಲಿ ಬಿಡುಗಡೆಯಾಗುವ ಹೊತ್ತಿಗೆ ನರ್ಸಿಂಗ್ ನೋಂದಣಿ ರದ್ದಾಗಿತ್ತು. ಎಸ್‌ಟಿಡಿ ಬೂತಿನಿಂದ ಅಣ್ಣನಿಗೆ ಫೋನ್ ಮಾಡಿದಳು.

“ಮನೇಲಿ ಮಗಳಿಗೆ ಗಂಡು ನೋಡ್ತಿದ್ದೀವಿ ವಸಂತಿ. ಸದ್ಯಕ್ಕೆ...”

“ಅಚ್ಛಾ” ಎಂದು ಫೋನ್ ಇಟ್ಟಳು.

ಘಾಜಿಯಾಬಾದಿನಲ್ಲಿ ವ್ಯಸನ ಬಿಡುವ ಹೆಂಗಸರಿಗಾಗಿ ಒಂದು ಚಿಕ್ಕ ಮನೆ ನಡೆಯುತ್ತಿತ್ತು. ಚಂದ್ರಪ್ರಭಾ ಅಲ್ಲಿ ಅವಳಿಗೆ ನೋಡಿಕೊಳ್ಳುವ ಕೆಲಸ ಕೊಡಿಸಿದರು. ಔಷಧಿ ಬೀರುವಿನ ಕೀಲಿಯನ್ನು ತನ್ನ ಕೈಗೆ ಕೊಡಬೇಡಿ ಎಂದು ಮೊದಲ ದಿನವೇ ವಸಂತಿ ಹೇಳಿದಳು.

ಅಲ್ಲಿಂದಲೇ ಆ ಮುದುಕಿಯ ಮಗಳಿಗೆ ಹಿಂದಿಯಲ್ಲಿ ಒಂದು ಕಾಗದ ಬರೆದಳು. ಉತ್ತರ ಬರಲಿಲ್ಲ. ಚಂದ್ರಪ್ರಭಾ ನೋಡಲು ಬಂದಾಗ ಕೇಳಿದರು: “ಬರೆಯುವಾಗ ಅತ್ರಾ?”

“ಇಲ್ಲ ಮೇಡಂ. ಅಕ್ಷರ ಕೆಟ್ಟದಾಗಿತ್ತು ಅಂತ ಎರಡು ಸಲ ಬರೆದೆ.”

ಒಳಗಿನಿಂದ ಯಾರೋ ವಾಂತಿ ಮಾಡುವ ಸದ್ದಾಯಿತು. ವಸಂತಿ ಚಹಾದ ಲೋಟ ಕೆಳಗಿಟ್ಟು ಎದ್ದು ಹೋದಳು.