ಬೆಂಗಳೂರು ನೀಲಿಯ ವಾಸನೆ

ಮುಂಬೈ ಪರೇಲ್‌ನ ನಮ್ಮ ಆಫೀಸು ವೈನ್ ರಫ್ತಿನ ಕಾಗದಪತ್ರ ನೋಡುತ್ತದೆ. ಯಾವ ಬಾಟಲಿಯಲ್ಲಿ ಯಾವ ತಳಿಯ ದ್ರಾಕ್ಷಿ ಎಂದು ನೋಡಿ ನಾನು ಸಹಿ ಹಾಕಬೇಕು. ಯುರೋಪಿನ ಕಾನೂನು ಕೆಲವು ತಳಿಗಳನ್ನು ವೈನಿಗೆ ಒಪ್ಪುವುದಿಲ್ಲ. ನಾನು ಚಿಕ್ಕಂದಿನಿಂದ ಸಿಪ್ಪೆ ಉಗಿದು ತಿರುಳು ನುಂಗುತ್ತಿದ್ದ ಬೆಂಗಳೂರು ನೀಲಿಯ ವಂಶವೂ ಅವುಗಳಲ್ಲೊಂದು. ಅನುಮಾನ ನನ್ನ ಹುಟ್ಟುಗುಣ. ತರಕಾರಿಯವನ ತಕ್ಕಡಿಯನ್ನೂ ಬಿಡುವವಳಲ್ಲ. ಈ ಕೆಲಸ ನನಗೆ ಹೇಳಿ ಮಾಡಿಸಿದ ಹಾಗಿತ್ತು.

ಬೆಳಿಗ್ಗೆ ನನಗಿಂತ ಮೊದಲೇ ಬಂದು ಸ್ಯಾಂಪಲ್ ಬಾಟಲಿ ಇಡುತ್ತಿದ್ದವನು ವಿಜಯಪುರದ ಕಡೆಯವನು, ವಡಾಲದಲ್ಲಿ ಮನೆ. ಆಫೀಸಿನ ಗ್ಲಾಸು ಎಲ್ಲರ ಎಂಜಲು ಎಂದು ನಾನು ಮುಟ್ಟುತ್ತಿರಲಿಲ್ಲ. ನನ್ನದೇ ಪ್ಲಾಸ್ಟಿಕ್ ಲೋಟಕ್ಕೆ ಸ್ವಲ್ಪ ವೈನ್ ಸುರಿದು ಮೂಸುತ್ತಿದ್ದೆ, ಅಷ್ಟೆ. ಕುಡಿಯುವುದು ನಮ್ಮ ಮನೆತನದಲ್ಲಿಲ್ಲ.

ಒಂದು ಬೆಳಿಗ್ಗೆ ಮೂಸಿದವಳು ಲೋಟವನ್ನು ಮತ್ತೊಮ್ಮೆ ಮೂಗಿಗೆ ಹಿಡಿದೆ. ಬೆಂಗಳೂರು ನೀಲಿಯದೇ ವಾಸನೆ! ಲೇಬಲ್ಲಿನಲ್ಲಿ ಬೇರೆ ತಳಿಯ ಹೆಸರಿತ್ತು. ಬಾಟಲಿಯ ಮುಚ್ಚಳವೂ ಆಗ ನನ್ನ ಕಣ್ಣಿಗೆ ಸಡಿಲವಾಗಿಯೇ ಕಂಡಿತು. ದಾರಿಯಲ್ಲಿ ಏನು ಬೆರೆಸಿದೆ ಎಂದು ಅವನನ್ನು ಕೇಳಿದೆ. ಇಲ್ರೀ ಅಕ್ಕಾರ ಎಂದವನು ಲೋಟವನ್ನೊಮ್ಮೆ ನೋಡಿ ತಲೆ ತಗ್ಗಿಸಿದ. ನನಗೆ ಅಷ್ಟೇ ಸಾಕಾಯಿತು. ಸಾಹೇಬರಿಗೆ ಬರೆದೆ. ಮಾರನೆಯ ದಿನವೇ ಅವನಿಗೆ ಬರಬೇಡ ಎಂದರು.

ನಾಲ್ಕು ದಿನಕ್ಕೆ ಲ್ಯಾಬಿನ ವರದಿ ಬಂತು. ವೈನಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ಲ್ಯಾಬಿನವರನ್ನೂ ಅನುಮಾನಿಸಿದೆ.

ಅದೇ ಸಂಜೆ, ತಂಗಿ ಬೆಂಗಳೂರಿನಿಂದ ತಂದಿದ್ದ ದ್ರಾಕ್ಷಿಯಲ್ಲಿ ಉಳಿದದ್ದನ್ನು ಆಫೀಸಿನಲ್ಲಿ ಕೂತು ತಿನ್ನುತ್ತಾ ಸಿಪ್ಪೆಯನ್ನು ಲೋಟಕ್ಕೆ ಉಗಿಯುತ್ತಿದ್ದೆ. ಬಾಯಿ ಅಲ್ಲೇ ನಿಂತಿತು. ಆ ಸ್ಯಾಂಪಲ್ ಬರುವ ಹಿಂದಿನ ದಿನವೂ ಹೀಗೇ ತಿಂದು, ಸಿಪ್ಪೆ ಸಮೇತ ಲೋಟ ಬಿಟ್ಟು ಲೋಕಲ್ ಹಿಡಿಯಲು ಓಡಿದ್ದೆ. ಬೆಳಿಗ್ಗೆ ಲೋಟ ಖಾಲಿಯಾಗಿತ್ತು. ಯಾರು ತೊಳೆದರು ಎಂದು ಯೋಚಿಸಿಯೇ ಇರಲಿಲ್ಲ. ರಾತ್ರಿಯಿಡೀ ಪ್ಲಾಸ್ಟಿಕ್ಕಿಗೆ ಹಿಡಿದ ವಾಸನೆ ತೊಳೆದರೂ ಹೋಗಿರಲಿಲ್ಲ.

ಸಾಹೇಬರಿಗೆ ಎಲ್ಲ ಹೇಳಿದೆ. ಅಷ್ಟರಲ್ಲಿ ಬೇರೆಯವನನ್ನು ಇಟ್ಟುಕೊಂಡಾಗಿತ್ತು. ನಾಚಿಕೆಯಿಂದ ಕುಗ್ಗಿ, ವಿಳಾಸ ಹುಡುಕಿಕೊಂಡು ವಡಾಲಕ್ಕೆ ಹೋದೆ. ಅವನು ಸ್ಟೂಲು ತಂದು ಕೂರಿಸಿದ. ತಪ್ಪಾಯಿತು ಎಂದೆ.

"ಸಿಪ್ಪಿ ಚೆಲ್ಲಿ ಲೋಟಾ ತೊಳದಾಂವ ನಾನ ರೀ," ಎಂದ.

ಹಾಗಾದರೆ ಅವತ್ತೇ ಯಾಕೆ ಬಾಯಿಬಿಡಲಿಲ್ಲ ಎಂದು ಕೇಳಿದೆ.

"ಹೇಳಿದ್ರ ನಂಬತಿದ್ರೇನ್ರೀ ಅಕ್ಕಾರ?"

ನಂಬುತ್ತಿರಲಿಲ್ಲ. ಸಿಪ್ಪೆಯ ಕಥೆ ಕಟ್ಟುತ್ತಿದ್ದಾನೆ ಎಂದು ಅದನ್ನೂ ಸಾಹೇಬರಿಗೆ ಬರೆಯುತ್ತಿದ್ದೆ.