ಅಳಿಲಮ್ಮನ ಇಪ್ಪತ್ತೆರಡು ಸೆಕೆಂಡು

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಅಳಿಲಮ್ಮ ಎಂದೇ ರೂಢಿ. ಮೂವತ್ತು ವರ್ಷದಿಂದ ಅಮೆರಿಕದ ಕಾರ್ಟೂನ್ ಸಿನಿಮಾ ಯಾವುದು ಬಂದರೂ ಅದರಲ್ಲಿನ ಅಳಿಲು, ಗಿಣಿ, ಮಾತಾಡುವ ಚಹಾ ಪಾತ್ರೆ, ಐದು ವರ್ಷದ ತುಂಟ, ಎಲ್ಲಕ್ಕೂ ಅವಳದೇ ದನಿ. ಮಾತೆಂದರೆ ಅರಳು ಹುರಿದ ಹಾಗೆ. ಆ ಸಿನಿಮಾಗಳಿಗೆ ಬೇಕಾದದ್ದೂ ಅದೇ ಅನ್ನಿ. ನಿಮಿಷಕ್ಕೊಂದು ನಗು, ನಡುವೆ ಒಂದು ಹಾಡು, ಕೊನೆಗೆ ಕೆಟ್ಟವನು ಬಿದ್ದ, ಒಳ್ಳೆಯವನು ಗೆದ್ದ, ಮಕ್ಕಳು ಚಪ್ಪಾಳೆ ಹೊಡೆದವು. ಡಬ್ಬಿಂಗಿನವರಿಗೆ ಒಂದು ಚಾಳಿಯೂ ಇತ್ತು: ಪಾತ್ರ ಬೆನ್ನು ತಿರುಗಿಸಿತೋ, ತುಟಿ ಕಾಣುವುದಿಲ್ಲವಲ್ಲ, ಅಲ್ಲೊಂದು ಮಾತು ತುರುಕು. ಮಕ್ಕಳು ಒಂದು ಗಳಿಗೆಯೂ ಬೇಸರಪಡಬಾರದು ನೋಡಿ. ಈ ತುರುಕುವ ಕೆಲಸದಲ್ಲಿ ಅಳಿಲಮ್ಮನನ್ನು ಮೀರಿಸುವವರಿರಲಿಲ್ಲ.

ಐವತ್ತೆಂಟಕ್ಕೆ ಗಂಟಲು ಕೈಕೊಟ್ಟಿತು. ದನಿ ಮೇಲಕ್ಕೆತ್ತಿದರೆ ಒಡೆಯುತ್ತದೆ. ಆರು ತಿಂಗಳು ಸ್ಟುಡಿಯೋದಿಂದ ಒಂದು ಫೋನೂ ಇಲ್ಲ. ಅಂಥದರಲ್ಲಿ ಕರೆ ಬಂತು: ಜಪಾನಿನ ಸಿನಿಮಾ, ಅಜ್ಜಿಯ ಪಾತ್ರ, ಕೀಚಲು ದನಿ ಬೇಡ, ಸ್ವಂತದ್ದೇ ಸಾಕು. ಇದೂ ತಪ್ಪಿದರೆ ಮೈಕಿನ ಮುಂದೆ ನಿಲ್ಲುವ ದಿನ ಮುಗಿಯಿತೆಂದು ಅವಳಿಗೆ ಗೊತ್ತಿತ್ತು. ಹೆದರಿಕೆಯಿಂದ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.

ಸಿನಿಮಾ ನೋಡಿದವಳಿಗೆ ತಲೆಬುಡ ಹತ್ತಲಿಲ್ಲ. ಕೆಟ್ಟವನೇ ಇಲ್ಲ! ಮೊಮ್ಮಗಳೊಬ್ಬಳು ಅಜ್ಜಿ ಮನೆಯಲ್ಲಿದ್ದಾಳೆ, ತಾಯಿ ಆಸ್ಪತ್ರೆಯಲ್ಲಿದ್ದಾಳೆ, ರೈಲು ಹೋಗುತ್ತದೆ, ಗಾಳಿ ಬೀಸುತ್ತದೆ. ನಡುವೆ ಒಂದು ದೃಶ್ಯ. ಅಜ್ಜಿ ಬೆನ್ನು ಹಾಕಿ ಕೂತು ಬಟಾಣಿ ಸುಲಿಯುತ್ತಿದ್ದಾಳೆ. ಹುಡುಗಿ ಕೇಳುತ್ತಾಳೆ, "ಅಮ್ಮ ವಾಪಸ್ ಬರ್ತಾಳಾ?" ಇಪ್ಪತ್ತೆರಡು ಸೆಕೆಂಡು ಅಜ್ಜಿ ತುಟಿ ಪಿಟಕ್ಕೆನ್ನುವುದಿಲ್ಲ, ಉಸಿರಾಟ ಮಾತ್ರ. ಆಮೇಲೆ, "ಗೊತ್ತಿಲ್ಲ ಮಗಳೇ."

ಅಳಿಲಮ್ಮ ಮೈಕಿನ ಮುಂದೆ ನಿಂತಳು. ನಾಲ್ಕು ಸೆಕೆಂಡು ತಡೆದಳು. ಐದನೆಯದಕ್ಕೆ ಬಾಯಿಂದ ಬಂದೇಬಿಟ್ಟಿತು: "ಅಯ್ಯೋ ನನ್ನ ಬಂಗಾರ, ಬರದೆ ಎಲ್ಲಿ ಹೋಗ್ತಾಳೆ!"

ಡೈರೆಕ್ಟರ್ ಮೂವತ್ತರ ಹೆಣ್ಣುಮಗಳು, ತಾಳ್ಮೆಯವಳು. "ಅಮ್ಮಾ, ಅಲ್ಲಿ ಮಾತಿಲ್ಲ."

"ಬೆನ್ನು ತಿರುಗಿಸಿದಾಳಲ್ಲಮ್ಮ, ತುಟಿ ಎಲ್ಲಿ ಕಾಣುತ್ತೆ? ಸುಮ್ನೆ ಬಿಟ್ರೆ ಮಕ್ಕಳು ಎದ್ದು ಹೋಗ್ತಾವೆ."

"ಇದನ್ನ ನೋಡೋಕೆ ಬರೋರಲ್ಲಿ ಅರ್ಧ ಜನ ದೊಡ್ಡೋರು. ಮಕ್ಕಳೂ ಕೂತ್ಕೋತಾರೆ, ನೋಡ್ತಿರಿ."

ಹುಟ್ಟುಗುಣ ಸುಟ್ಟರೆ ಹೋದೀತೇ? ಏಳು ಸಲ ತೆಗೆದರು. ಏಳು ಸಲವೂ ಒಂದಲ್ಲ ಒಂದು ನುಸುಳಿತು: ಒಮ್ಮೆ "ಹ್ಞೂಂ ಹ್ಞೂಂ", ಒಮ್ಮೆ ಅಳು, ಒಮ್ಮೆ ಲೊಚಗುಟ್ಟುವಿಕೆ. ಕೊನೆಗೆ ಡೈರೆಕ್ಟರ್ ಆ ದೃಶ್ಯವನ್ನು ಅವಳ ಫೋನಿಗೆ ಹಾಕಿಕೊಟ್ಟು, "ಮನೇಲಿ ಅಭ್ಯಾಸ ಮಾಡಿ. ನಾಳೆನೂ ಆಗದಿದ್ರೆ ಬೇರೆಯವರನ್ನ ಕರೀಬೇಕಾಗುತ್ತೆ, ಬೇಜಾರಾಗಬೇಡಿ" ಎಂದಳು. ಬೇಜಾರಾಗದೆ ಇರುತ್ತದೆಯೇ!

ಅವಳ ಗಂಡ ಟೈಲರ್. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆ ಮನೆಯಲ್ಲಿ ಬೆಳ್ಳಿಯೆಲ್ಲ ಅವಳದು, ಬಂಗಾರವೆಲ್ಲ ಅವರದು. ಪ್ರಶ್ನೆ ಅವಳದೇ, ಉತ್ತರವೂ ಅವಳದೇ. ಸಂಜೆ ಸ್ಟೂಲು ಎಳೆದುಕೊಂಡು ಎಂದಿನ ಜಾಗದಲ್ಲಿ ಕೂತು ಫೋನು ಹಿಡಿದಳು.

"ರೀ, ಈ ಮುದುಕಿ ಯಾಕೆ ಉತ್ತರ ಕೊಡಲ್ಲ, ಹೇಳ್ರೀ."

ಯಂತ್ರ ಓಡುತ್ತಲೇ ಇತ್ತು. "ನಿಮಗೇನು ಗೊತ್ತು ಬಿಡಿ" ಎಂದು ತಾನೇ ಮುಗಿಸುವ ಅಭ್ಯಾಸ ಅವಳದು. ಇವತ್ತು ಪಾಠ ಒಪ್ಪಿಸುವ ಛಲಕ್ಕೆ ಹಲ್ಲು ಕಚ್ಚಿ ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸಿದಳು. ಹತ್ತೊಂಬತ್ತಕ್ಕೆ ಯಂತ್ರ ನಿಂತಿತು. ಅವರು ತಿರುಗಿ ಅವಳ ಮುಖ ನೋಡಿದರು.

"ಯಾಕೆ, ಮೈ ಸರಿಯಿಲ್ವಾ? ನೀನೇನೋ ಕೇಳ್ದೆ ಅನ್ಸುತ್ತೆ. ಈ ಕಡೆಗೆ ಬಾ. ಎಡಗಿವಿ ಕೇಳಿಸಲ್ಲ ನಂಗೆ."

"ಅಂದ್ರೆ? ಯಾವಾಗಿಂದ?"

"ಎರಡು ವರ್ಷ ಆಗಿರ್ಬೇಕು."

"ಅಯ್ಯೋ ದೇವರೇ, ಒಂದು ಮಾತು ಹೇಳಬಾರದಿತ್ತಾ?"

"ಹೇಳೋಣ ಅಂತ ಬಾಯಿ ತೆಗೆದಾಗೆಲ್ಲ ನೀನು ಮಾತಾಡ್ತಿದ್ದೆ."

ಬಟ್ಟೆಯ ಅಳತೆ ಹೇಳಿದಷ್ಟು ಸಹಜವಾಗಿ ಅಂದರು. ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟಿತು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಸ್ಟೂಲನ್ನು ಬಲಕ್ಕೆ ಎಳೆದು ದೃಶ್ಯವನ್ನು ಮತ್ತೆ ಹಾಕಿದಳು. ಅವರು ಪೂರ್ತಿ ನೋಡಿ, "ಅಜ್ಜಿಗೆ ಗೊತ್ತಿಲ್ಲ ಕಣೇ. ಮಗೂಗೆ ಸುಳ್ಳು ಹೇಳೋಕೂ ಮನಸ್ಸಿಲ್ಲ. ಇನ್ನೇನು ಮಾತಾಡ್ತಾಳೆ?" ಎಂದು ಯಂತ್ರಕ್ಕೆ ತಿರುಗಿದರು.

ಮರುದಿನ ಮೈಕಿನ ಮುಂದೆ ಅವಳು ಎಣಿಸಲಿಲ್ಲ. ಪರದೆಯ ಮೇಲಿನ ಮುದುಕಿಯ ಬೆನ್ನನ್ನೇ ನೋಡುತ್ತ ಉಸಿರಾಡಿದಳು. ಆಮೇಲೆ "ಗೊತ್ತಿಲ್ಲ ಮಗಳೇ" ಅಂದಳು. ಗಾಜಿನಾಚೆ ಡೈರೆಕ್ಟರ್ ಹೆಬ್ಬೆರಳೆತ್ತಿ, "ಓಕೆ ಅಮ್ಮಾ. ಇನ್ನು ಯಾರನ್ನೂ ಕರೆಯಲ್ಲ" ಎಂದಳು.

ಕುಣಿಯಬೇಕಿತ್ತು. ಅವಳು ಹೆಡ್‌ಫೋನ್ ಕಳಚಿಟ್ಟು ಕಿವಿ ಡಾಕ್ಟರಿಗೆ ಫೋನ್ ಮಾಡಿದಳು. ಸಂಜೆ ಆರಕ್ಕೆ ಸಮಯ ಸಿಕ್ಕಿತು. ಗಂಡನಿಗೆ ದಾರಿಯಲ್ಲೇ ಹೇಳಿದಳು: "ಡಾಕ್ಟರ್ ಕೇಳಿದ್ದಕ್ಕೆಲ್ಲ ನೀವೇ ಉತ್ತರ ಕೊಡ್ಬೇಕು. ನಾನು ಬಾಯಿ ಬಿಡಲ್ಲ."

"ನೋಡೋಣ" ಎಂದರು ಅವರು, ನಗುತ್ತ.

ಡಾಕ್ಟರ್ ಕಿವಿಗೆ ಬೆಳಕು ಬಿಟ್ಟು ನೋಡಿ, "ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದರು. ಟೈಲರು ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಯೋಚಿಸುತ್ತ ಕೂತರು. 'ಎರಡು ವರ್ಷ' ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಸೆರಗಿನ ತುದಿ ಬಾಯಿಗೆ ಒತ್ತಿ ಹಿಡಿದು ಕಾದಳು.

"ಆರು ವರ್ಷ ಆಯ್ತು ಡಾಕ್ಟ್ರೇ," ಎಂದರು ಅವರು.